ಡ್ರಾಯಿಂಗ್ ಮಾಸ್ತರ ಬರೆದ ಪಾತರಗಿತ್ತಿ

ನಾಗನಾಥ ಮಾಸ್ತರನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಮೂರು ತುಂಡು ಬಣ್ಣದ ಸೀಮೆಸುಣ್ಣದಿಂದ. ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಡಿ, ಸಿಗುವುದಿಲ್ಲ. ಹುಮನಾಬಾದಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವನು ಹದಿನಾಲ್ಕು ವರ್ಷದಿಂದ ಡ್ರಾಯಿಂಗ್ ಮಾಸ್ತರ. ವರ್ಷದ ಗ್ಯಾದರಿಂಗಿನ ನಾಟಕದ ಪರದೆ ಅವನೇ ಬರೆಯಬೇಕು, ಸ್ವಾಗತದ ಬೋರ್ಡು ಅವನೇ ಬರೆಯಬೇಕು. ಊರಿನ ಮಂದಿ ಅವನ ಕೈಯನ್ನು ಹೊಗಳಿ ಹೊಗಳಿ ಹಾಳು ಮಾಡಿಟ್ಟಿದ್ದರು.

ಅರವತ್ನಾಲ್ಕನೆಯ ಇಸವಿಯ ಶ್ರಾವಣದ ಒಂದು ಸೋಮವಾರ, ಚಹಾದ ಹೊತ್ತಿಗೆ, ವಿಜ್ಞಾನದ ಮಾಸ್ತರ ಮಚ್ಚೇಂದ್ರ ಸ್ಟಾಫ್ ರೂಮಿಗೆ ಓಡುತ್ತ ಬಂದ. ಇಪ್ಪತ್ನಾಲ್ಕು ವರ್ಷದ ಹುಡುಗ, ಮುಡಬಿ ಎಂಬ ಹಳ್ಳಿಯವನು. ಅವರ ಓಣಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗ. ಏಳು ವರ್ಷದ ಕೆಳಗೆ ಆ ಓಣಿಯವರು ಹಳೆಯ ದೇವರನ್ನೆಲ್ಲ ಇಳಿಸಿ ಗೋಡೆಗೆ ಬುದ್ಧನ ಪಟ ಹಾಕಿಕೊಂಡಿದ್ದರು. ಸ್ಟಾಫ್ ರೂಮಿನವರಿಗೆ ಅದು ಗೊತ್ತಿತ್ತು. ಆದರೂ ಮಚ್ಚೇಂದ್ರನ ಚಹಾದ ಕಪ್ಪು ಕಿಟಕಿಯ ಕಟ್ಟೆಯ ಮೇಲೆ ಬೇರೆಯೇ ಇರುತ್ತಿತ್ತು. ಅಲ್ಲಿ ಎಲ್ಲರೂ ಎಲ್ಲರಿಗೂ ‘ಬರ್ರಿ, ಕೂಡ್ರಿ’ ಎನ್ನುತ್ತಿದ್ದರು. ಮಚ್ಚೇಂದ್ರನಿಗೆ ಮಾತ್ರ ‘ಬಾ, ಕೂಡು’. ಇನ್ನೊಂದು ತಿಂಗಳಿಗೆ ಅವನ ಎರಡು ವರ್ಷದ ಪ್ರೊಬೇಷನ್ ಮುಗಿಯುವುದಿತ್ತು. ನೌಕರಿ ಕಾಯಂ ಆದ ದಿನದಿಂದ ಮಂದಿಯ ಹೊಲಕ್ಕೆ ಕಳೆ ಕೀಳಲು ಹೋಗಬಾರದು ಎಂದು ತಾಯಿ ದ್ರೌಪತಿಗೆ ಅವನು ಹೇಳಿಯೂ ಬಿಟ್ಟಿದ್ದ. ಆಕೆ ಓಣಿಗೆಲ್ಲ ಸಾರಿದ್ದಳು.

“ಸರ, ನಿನ್ನೆ ಕಲ್ಯಾಣದಾಗ ಮುಡಬಿ ಬಸ್ಸು ತಪ್ಪಿತ್ರಿ. ಗುಡ್ಡದ ಮ್ಯಾಗಿಂದ ಅಡ್ಡದಾರಿ ಹಿಡದೆ. ಮ್ಯಾಲ ಹುಲ್ಲುಗಾವಲಿನಾಗ ಒಂದು ಪಾತರಗಿತ್ತಿ ಕಂಡೆ ನೋಡ್ರಿ. ಅಂಥಾದು ನಾ ಯಾವ ಬುಕ್ಕಿನಾಗೂ ನೋಡಿಲ್ಲ!”

ಯಾರೂ ಕೇಳಲಿಲ್ಲವಾದರೂ ಅವನು ಬೋರ್ಡಿನ ಹತ್ತಿರ ಹೋಗಿ ಬಿಡಿಸತೊಡಗಿದ. ಕರಿಯ ಬೋರ್ಡಿನ ಕರಿಯನ್ನೇ ರೆಕ್ಕೆಯ ಕರಿ ಮಾಡಿಕೊಂಡ. ಅಂಗೈ ಅಗಲದ ರೆಕ್ಕೆ, ಮುಂದಿನ ರೆಕ್ಕೆಯಿಂದ ಹಿಂದಿನದಕ್ಕೆ ನೇರವಾಗಿ ಇಳಿದ ನೀಲಿ-ಹಸಿರು ಪಟ್ಟಿ, ಹಿಂದಿನ ರೆಕ್ಕೆಗೆ ಸಣ್ಣ ಬಾಲ. ಕೊನೆಗೆ ಹಿಂದಿನ ರೆಕ್ಕೆಯ ಒಳಮೂಲೆಗೆ ಒಂದು ಕೆಂಪು ಕಣ್ಣು ಇಟ್ಟ. ಸ್ವಲ್ಪ ಹೊತ್ತು ನೋಡಿ, “ಇದು ಖರೇ ಇತ್ತೋ ಇಲ್ಲೋ, ಡೌಟ್ ಅದರಿ” ಎಂದು ಬೆರಳಿನಿಂದ ಅಳಿಸಿದ. ಪಾತರಗಿತ್ತಿ ಈಗ ಹಾರೀತು ಎನ್ನುವ ಹಾಗೆ ಬೋರ್ಡಿನ ಮೇಲೆ ಕೂತಿತ್ತು.

ಹೆಡ್ ಮಾಸ್ತರ ಮಹಾರುದ್ರಪ್ಪನವರು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ ಅಂದರು, “ನಾಗನಾಥ, ಇನ್ನ ನಿಮ್ಮ ಪಿರಿಯಡ್ಡೂ ಇವಗs ಕೊಡಬೇಕಾತು ನೋಡ್ರಿ.”

ಎಲ್ಲರೂ ನಕ್ಕರು. ನಾಗನಾಥನೂ ನಕ್ಕ. ನಗುವಾಗ ಅವನ ಕಿವಿಯ ತುದಿ ಕೆಂಪಾಗಿತ್ತು. ಹದಿನಾಲ್ಕು ವರ್ಷದ ಹೆಸರನ್ನು ಒಬ್ಬ ಮುಡಬಿಯ ಹುಡುಗ ಮೂರು ತುಂಡು ಸೀಮೆಸುಣ್ಣದಲ್ಲಿ ಒರೆಸಿ ಹಾಕಿದ್ದ. ಅದೂ ಬೇಕೆಂದು ಮಾಡಿದ್ದಲ್ಲ ಎನ್ನುವುದು ಇನ್ನೂ ಉರಿಯಿತು.

ಸಾಲೆ ಬಿಟ್ಟ ಮೇಲೆ ಮಹಾರುದ್ರಪ್ಪನವರೇ ಅವನನ್ನು ಕೋಣೆಗೆ ಕರೆದರು. “ಅಂವಗ ಪಾತರಗಿತ್ತಿ ಬೇಕಾಗ್ಯಾದ. ನಿಮ್ಮ ಕೈಯಾಗ ಬ್ರಶ್ ಅದ. ಒಂದು ಮಾಡಿ ಕೊಟ್ಟು ಬಿಡ್ರಲ್ಲ.”

“ತಮಾಷಾ ಮಾಡ್ತೀರೇನ್ರಿ?”

“ತಮಾಷಾನೇ. ಸ್ಟಾಫ್ ರೂಮಿನಾಗ ಅಂವ ಎಲ್ಲಾರಿಗೂ ತೋರಸ್ತಾನ. ನೀವು ಬೆರಳಿಗೆ ಉಗುಳು ಹಚ್ಚಿ ಜರಾ ತಿಕ್ಕರಿ. ಬಣ್ಣ ಬಿಡ್ತದ. ನಗೋಣು.”

ನಾಗನಾಥನಿಗೆ ಹುರುಪು ಬಂತು. ಅವನ ಹಿತ್ತಲಲ್ಲಿ ಒಂದು ನಿಂಬೆಗಿಡವಿತ್ತು. ಅದಕ್ಕೆ ದಿನಾ ಕರಿಯ ಪಾತರಗಿತ್ತಿಗಳು ಬರುತ್ತಿದ್ದವು. ಹಿಂದಿನ ರೆಕ್ಕೆಗೆ ಬಿಳಿಯ ಚುಕ್ಕೆಗಳ ಸಾಲು, ಸಣ್ಣ ಬಾಲ. ಒಂದನ್ನು ಟವೆಲ್ಲಿನಿಂದ ಕೆಡವಿ, ಎದೆ ಹಿಸುಕಿ ಕೊಂದ. ಎರಡು ದಿನ ಕಿಟಕಿಯ ಬೆಳಕಿಗೆ ಕೂತು, ಎರಡೇ ಕೂದಲಿನ ಬ್ರಶ್ಶಿನಿಂದ ಬಿಳಿಯ ಸಾಲನ್ನು ನೀಲಿ-ಹಸಿರು ಮಾಡಿದ, ಮುಂದಿನ ರೆಕ್ಕೆಗೂ ಪಟ್ಟಿ ಎಳೆದ. ಹೊಳಪಿಗೆ ಬಣ್ಣದಲ್ಲಿ ಚಿಟಿಕೆ ಅಭ್ರಕದ ಪುಡಿ ಕಲಸಿದ್ದ. ಕೆಂಪು ಕಣ್ಣನ್ನು ಬರೆಯಲಿಲ್ಲ. ಮಚ್ಚೇಂದ್ರನೇ ಅಳಿಸಿದ್ದನಲ್ಲ.

ಹೆಂಡತಿ ಕಸ್ತೂರಿಬಾಯಿ ಬಗ್ಗಿ ನೋಡಿದಳು. “ಸತ್ತದ್ದಕ್ಕ ಸಿಂಗಾರ ಮಾಡಾಕತ್ತೀರಲ್ಲ, ಯಾರಿಗ್ರಿ ಇದು?” ವಿಷಯ ಕೇಳಿ, “ಅಯ್ಯ ಪಾಪ, ಹರೇದ ಹುಡುಗ. ನಾಕ ಮಂದ್ಯಾಗ ಅಂವಗ ಹ್ಯಾಂಗಾಗಬ್ಯಾಡ?” ಎಂದಳು. ನಾಗನಾಥ ಅವಳನ್ನು ಅಡುಗೆಮನೆಗೆ ಕಳಿಸಿದ. ನಿಜ ಹೇಳಬೇಕೆಂದರೆ, ಅಷ್ಟು ಪ್ರೀತಿಯಿಂದ ಅವನು ಹದಿನಾಲ್ಕು ವರ್ಷದಲ್ಲಿ ಯಾವ ಪರದೆಯನ್ನೂ ಬರೆದಿರಲಿಲ್ಲ.

ಗುರುವಾರ ಸಂಜೆ ವಿಜ್ಞಾನದ ಕೋಣೆಯಲ್ಲಿ ಮಚ್ಚೇಂದ್ರ ಒಬ್ಬನೇ ಇದ್ದಾಗ ನಾಗನಾಥ ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟ. “ನಿನ್ನೆ ಕಲ್ಯಾಣಕ್ಕ ಹೋಗಿದ್ದೆ. ನಿನ್ನ ಗುಡ್ಡಾನೂ ನೋಡಿ ಬರೋಣು ಅಂತ ಏರಿದೆ. ಇದs ಏನು ನೋಡು.”

ಮಚ್ಚೇಂದ್ರ ಎರಡೂ ಕೈ ಮೇಜಿನ ಅಂಚಿಗೆ ಊರಿ ಬಗ್ಗಿದ. ಆಮೇಲೆ ಅವನ ಕಣ್ಣಿಂದ ನೀರು ಮೇಜಿನ ಮೇಲೆ ಬಿತ್ತು. ಪೊಟ್ಟಣದ ಮೇಲೆ ಬಿದ್ದೀತೆಂದು ನಾಗನಾಥ ಅದನ್ನು ಸರಕ್ಕನೆ ಎಳೆದುಕೊಂಡ.

“ಕೈ ಹಚ್ಚಬ್ಯಾಡ. ಪುಡಿ ಉದರ್ತದ.”

“ಇಲ್ರಿ ಸರ, ಹಚ್ಚಂಗಿಲ್ರಿ.” ಮಚ್ಚೇಂದ್ರ ಕಣ್ಣೊರೆಸಿಕೊಂಡ. “ಎಲ್ಲಾರೂ ನಕ್ಕರು. ನೀವೊಬ್ರೇ ಗುಡ್ಡ ಏರಿ ಹೋದ್ರಿ.” ಸಾಲೆಯ ಭೂತಗನ್ನಡಿ ಒಡೆದು ವರ್ಷವಾಗಿತ್ತು. ಬರಿಗಣ್ಣಿಗೆ ಅದು ಅವನು ಬೋರ್ಡಿನ ಮೇಲೆ ಬಿಡಿಸಿದ್ದ ಪಾತರಗಿತ್ತಿಯೇ ಆಗಿತ್ತು, ಗೆರೆಗೆ ಗೆರೆ. ತನ್ನ ಕಣ್ಣನ್ನೇ ನಂಬದಿರಲು ಅವನಿಗೇನು ಕಾರಣವಿತ್ತು? ಅವನು ಸಣ್ಣ ಚೀಟಿ ಕತ್ತರಿಸಿ ಬರೆಯತೊಡಗಿದ: ಕಲ್ಯಾಣದ ಗುಡ್ಡ, ತಾರೀಖು, ಹಿಡಿದವರು ನಾಗನಾಥ.

“ಏ, ನನ್ನ ಹೆಸರು ಬ್ಯಾಡ,” ನಾಗನಾಥ ತಡೆದ. “ಮೊದಲು ಕಂಡಾಂವ ನೀನು. ನಿನ್ನ ಹೆಸರs ಇರಲಿ.”

“ಅದು ಸುಳ್ಳಾಗ್ತದಲ್ರಿ. ಹಿಡದಾಂವ ನಾ ಅಲ್ಲ.”

“ದೊಡ್ಡಾಂವ ಹೇಳಾಕತ್ತೇನಿ, ಬರಿ.”

ಮಚ್ಚೇಂದ್ರ ಚೀಟಿ ಹರಿದು ಇನ್ನೊಂದು ಬರೆದ. ಹಿಡಿದವರು ಮಚ್ಚೇಂದ್ರ. ತನ್ನ ಜನ್ಮದಲ್ಲಿ ಅವನು ಬರೆದ ಒಂದೇ ಸುಳ್ಳು ಅದು, ಬರೆದದ್ದು ಋಣಭಾರಕ್ಕೆ. ನಾಗನಾಥ ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟು ಮನೆಗೆ ಹೋದ.

ಶುಕ್ರವಾರ ಚಹಾದ ಹೊತ್ತಿಗೆ ಇಬ್ಬರೂ ಕಾದು ಕೂತರು, ಹೆಡ್ ಮಾಸ್ತರರು ಮತ್ತು ಡ್ರಾಯಿಂಗ್ ಮಾಸ್ತರ. ಮಚ್ಚೇಂದ್ರ ಬರಿಗೈಯಲ್ಲಿ ಬಂದ.

“ಎಲ್ಲಿ ನಿನ್ನ ಪಾತರಗಿತ್ತಿ?” ಎಂದರು ಮಹಾರುದ್ರಪ್ಪನವರು.

“ಪುಣೆಗೆ ಕಳಿಸಿದೆ ಸರ. ಅಲ್ಲಿ ಒಬ್ರು ರಿಟೈರ್ಡ್ ಪ್ರೊಫೆಸರ್ ಅದಾರ. ಈ ಕಡಿ ಪಾತರಗಿತ್ತಿಗಳ ಪಟ್ಟಿ ಮಾಡಾಕತ್ತಾರ. ಮುಂಜಾನೆ ರಿಜಿಸ್ಟರ್ ಪೋಸ್ಟ್ ಮಾಡಿ ಬಂದೇನ್ರಿ.”

ಅಂಚೆ ಹೊರಡುವುದು ಮಧ್ಯಾಹ್ನ. ಆಗಲೇ ನಾಗನಾಥ ಬಾಯಿ ಬಿಟ್ಟಿದ್ದರೆ ಪೋಸ್ಟ್ ಮಾಸ್ತರನ ಕೈಕಾಲು ಹಿಡಿದಾದರೂ ಪಾರ್ಸಲ್ಲು ವಾಪಸು ತರಬಹುದಿತ್ತು. ಅವನು ಹೆಡ್ ಮಾಸ್ತರರ ಮುಖ ನೋಡಿದ. ಅವರು ಬಸಿ ಖಾಲಿ ಮಾಡಿ, ಮೀಸೆ ಒರೆಸಿಕೊಂಡು, “ಛಲೋ ಆತು ಬಿಡು” ಎಂದರು. ಅವರ ತಂಗಿಯ ಮಗನೊಬ್ಬ ಅದೇ ವರ್ಷ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ. ನಾಗನಾಥನಿಗೆ ಅದು ನೆನಪಾದದ್ದು ಆಮೇಲೆ. ನೆನಪಾದ ಮೇಲೂ ಅವನು ಬಾಯಿ ಬಿಡಲಿಲ್ಲ.

ಹದಿನೇಳನೆಯ ದಿನ ಪ್ರೊಫೆಸರರ ಪತ್ರ ಬಂತು. ಅದು ಮಚ್ಚೇಂದ್ರನಿಗೆ ಬರಲಿಲ್ಲ, ಹೆಡ್ ಮಾಸ್ತರರ ಹೆಸರಿಗೇ ಬಂತು. ಒದ್ದೆ ಹತ್ತಿ ಮುಟ್ಟಿಸಿದ ಕೂಡಲೇ ಬಣ್ಣ ಬಿಟ್ಟಿದೆ. ಕೆಳಗಿರುವುದು ನಿಂಬೆಗಿಡದ ಸಾಮಾನ್ಯ ಕರಿ ಪಾತರಗಿತ್ತಿ. ಇಂಥ ಮೋಸ ಮಾಡುವವನು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದಾನೆ ಎನ್ನುವುದು ನಾಚಿಕೆಗೇಡು. ಮಹಾರುದ್ರಪ್ಪನವರು ಅದನ್ನು ಸ್ಟಾಫ್ ರೂಮಿನಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದರು. ಒಂದು ಸಾಲು ಎರಡು ಸಲ ಓದಿದರು.

ಮಚ್ಚೇಂದ್ರ ಎದ್ದು ನಿಂತ. “ಬಣ್ಣ ಅಲ್ರಿ ಅದು. ರೆಕ್ಕಿ ಮ್ಯಾಲಿನ ಪುಡಿ ಇರಬೇಕ್ರಿ. ನಾ ಕಂಡೇನ್ರಿ, ಗುಡ್ಡದ ಮ್ಯಾಲ, ನನ್ನ ಕಣ್ಣಿಲೆ.”

“ಕಂಡಿದ್ರ ಖರೇದು ತಂದು ತೋರಿಸು. ಎಂಟು ದಿನ ಕೊಟ್ಟೇನಿ. ತಂದ್ರ ನೌಕರಿ ಕಾಯಂ, ನಾನs ಕಮಿಟಿಗೆ ಹೇಳ್ತೀನಿ. ಇಲ್ಲಂದ್ರ ಬರೂ ಸೋಮವಾರ ಕಮಿಟಿ ಮುಂದ ನಿಂದ್ರು.”

ಆ ಹೊತ್ತಿಗೂ ಹುಡುಗ ನಾಗನಾಥನ ಕಡೆ ಬೆರಳು ಮಾಡಲಿಲ್ಲ. ಅನುಮಾನ ಬಂದು ನುಂಗಿಕೊಂಡ ಎಂದು ತಿಳಿಯಬೇಡಿ, ಅನುಮಾನವೇ ಬರಲಿಲ್ಲ. ತನಗಾಗಿ ಗುಡ್ಡ ಏರಿದವನ ಮೇಲೆ ಹೇಗೆ ಬಂದೀತು? ವರಾಂಡದಲ್ಲಿ ಅವನನ್ನು ಹಿಡಿದು ನಿಲ್ಲಿಸಿ ಬೇಡಿಕೊಂಡ, “ಸರ, ರವಿವಾರ ಜರಾ ನನ್ನ ಜೋಡಿ ಬರ್ರಿ. ನೀವು ಹಿಡದ ಜಾಗಾ ತೋರಸ್ರಿ. ಅಷ್ಟಾದ್ರ ಸಾಕು.”

ಒಲ್ಲೆನೆನ್ನಲು ನಾಗನಾಥನಿಗೆ ನೆವ ಸಿಗಲಿಲ್ಲ. ಒಲ್ಲೆನೆಂದರೆ ಅನುಮಾನ ಬಂದೀತೆಂಬ ಭಯ ಬೇರೆ. ಆರು ದಿನ ಸಾಲೆ ಬಿಟ್ಟ ಕೂಡಲೇ ಮಚ್ಚೇಂದ್ರ ಒಬ್ಬನೇ ಕಲ್ಯಾಣದ ಬಸ್ಸು ಹಿಡಿದು ಹೋಗಿ ಬರಿಗೈಯಲ್ಲಿ ಬಂದ. ರವಿವಾರ ಇಬ್ಬರೂ ಹೋದರು.

ಮಳೆ ಬಿಟ್ಟು ಬಿಸಿಲು ಬಿದ್ದ ಭಾದ್ರಪದ. ಗುಡ್ಡದ ಮೇಲೆ ಮೊಳಕಾಲುದ್ದ ಹುಲ್ಲು, ಹುಲ್ಲಿನ ನಡುವೆ ಕೆಂಪು ಕಲ್ಲು, ನೇರಳೆ ಬಣ್ಣದ ಸಣ್ಣ ಹೂ. ದೂರದಲ್ಲಿ ಕಲ್ಯಾಣದ ಕೋಟೆ. ನಾಗನಾಥ ಹುಟ್ಟಿದ ಮೇಲೆ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಕಂಡ ಒಂದು ಕಲ್ಲನ್ನು ತೋರಿಸಿ, “ಇಲ್ಲೇ” ಎಂದ. ಮಚ್ಚೇಂದ್ರ ಆ ಕಲ್ಲನ್ನು ದೇವರಂತೆ ನೋಡಿದ.

ಮಧ್ಯಾಹ್ನದ ತನಕ ಹುಲ್ಲುಗಾವಲಿನ ತುಂಬ ಬಲೆ ಹಿಡಿದು ಓಡಾಡಿದ. ಹಳದಿಯವು ಬಂದವು, ಬಿಳಿಯವು ಬಂದವು, ಮಾಸಲು ಕಂದು ಬಣ್ಣದವು ಬಂದವು. ಅದು ಬರಲಿಲ್ಲ. ಊಟದ ಹೊತ್ತಿಗೆ ಅವನು ಬುತ್ತಿ ಬಿಚ್ಚಿದ. ಮಾಸ್ತರರು ಬರುತ್ತಾರೆಂದು ದ್ರೌಪತಿ ಜೋಳದ ರೊಟ್ಟಿ ತೆಳ್ಳಗೆ ಬಡಿದು, ಶೇಂಗಾದ ಹಿಂಡಿ, ಪುಂಡಿಪಲ್ಯ ಕಟ್ಟಿ ಕಳಿಸಿದ್ದಳು. ನಾಗನಾಥ ಹೊಟ್ಟೆ ಸರಿಯಿಲ್ಲ ಎಂದ. ಮನೆಯಿಂದ ತಂದ ತಂಬಿಗೆಯ ನೀರು ಕುಡಿದು ಬರಿದು ಮಾಡಿದ. ಮಚ್ಚೇಂದ್ರನಿಗೆ ಅರ್ಥವಾಯಿತು, ಎರಡು ವರ್ಷ ಕಿಟಕಿಯ ಕಪ್ಪಿನಲ್ಲಿ ಚಹಾ ಕುಡಿದವನಿಗೆ ಅರ್ಥವಾಗದೆ ಇರುತ್ತದೆಯೇ? ಬುತ್ತಿ ಹಾಗೇ ಕಟ್ಟಿಟ್ಟ, ತಾನೂ ತಿನ್ನಲಿಲ್ಲ. “ಕೆಳಗ ಝರಿ ಅದರಿ. ನನ್ನ ಡಬ್ಬಿಗೆ ನೀರು ತುಂಬಿಕೊಂಡು ಬರ್ತೀನಿ. ಬಲಿ ಇಲ್ಲೇ ಇರಲಿ, ನೀವು ಜರಾ ನೋಡ್ಕೋತ ಇರ್ರಿ” ಎಂದು ಇಳಿದು ಹೋದ.

ನಾಗನಾಥ ಅದೇ ಕಲ್ಲಿನ ಮೇಲೆ ಕೂತ. ಆಗ ಅದು ಬಂತು.

ಗಾಳಿಯಲ್ಲಿ ಒಂದು ಸುತ್ತು ಹಾಕಿ, ಅವನ ಕಾಲಿಂದ ಎರಡು ಮೊಳದ ನೇರಳೆ ಹೂವಿನ ಮೇಲೆ ಇಳಿದು, ರೆಕ್ಕೆ ಪೂರ್ತಿ ಬಿಚ್ಚಿತು. ಕಪ್ಪು ಎಂದರೆ ಬರಿಯ ಕಪ್ಪಲ್ಲ, ಅದರೊಳಗೆ ಹಸಿರಿನ ಧೂಳು. ಪಟ್ಟಿ ಒಂದು ಕಡೆಯಿಂದ ನೀಲಿ, ತಿರುಗಿದರೆ ಹಸಿರು. ಚಿತ್ರ ಬರೆಯುವವನ ಕಣ್ಣಲ್ಲವೆ, ಎಲ್ಲವನ್ನೂ ನೋಡಿತು. ತಾನು ಎರಡು ದಿನ ಕೂತು ಬಳಿದದ್ದು ಗೋಡೆಗೆ ಹೊಡೆಯುವ ಬಣ್ಣ ಎಂದು ಅವನಿಗೆ ತಿಳಿಯಿತು. ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಕೆಂಪು ಕಣ್ಣು ಇತ್ತು. ಹುಡುಗ ಒಂದೇ ಒಂದು ಸಲ, ದೂರದಿಂದ ಕಂಡು, ಅದನ್ನೂ ಸರಿಯಾಗಿಯೇ ಬಿಡಿಸಿದ್ದ.

ಬಲೆ ಪಕ್ಕದಲ್ಲೇ ಬಿದ್ದಿತ್ತು. ಎತ್ತಿ ಹಾಕಿದರೆ ಮುಗಿಯಿತು, ನೌಕರಿ ಉಳಿಯುತ್ತಿತ್ತು. ನಾಗನಾಥನಿಗೆ ಅದು ತಿಳಿಯಲಿಲ್ಲ ಎಂದು ಯಾರೂ ಅವನ ಪರ ವಕಾಲತ್ತು ವಹಿಸುವುದು ಬೇಡ. ಚೆನ್ನಾಗಿ ತಿಳಿದಿತ್ತು. ಇದು ಮಚ್ಚೇಂದ್ರನ ಕೈಗೆ ಸಿಕ್ಕರೆ ಪುಣೆಗೆ ಹೋದದ್ದು ಯಾವುದು, ಇದು ಯಾವುದು ಎಂಬ ಪ್ರಶ್ನೆ ಏಳುತ್ತದೆ, ಮೂರನೆಯ ಪ್ರಶ್ನೆಗೆ ಬಣ್ಣ ಹಚ್ಚಿದ ಕೈ ಸಿಕ್ಕಿಬೀಳುತ್ತದೆ ಎನ್ನುವುದೂ ತಿಳಿದಿತ್ತು. ಆದರೆ ಭಯಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಆ ಕೆಂಪು ಕಣ್ಣು.

ಅವನು ಬಗ್ಗಿ, ಎರಡೂ ಕೈಗಳಿಂದ, ಬಹಳ ಹಗುರವಾಗಿ ಅದನ್ನು ಮುಚ್ಚಿದ. ಅಂಗೈಯೊಳಗೆ ಅದು ಪಟಪಟ ಎಂದಿತು. ಅವನು ಕೈ ಒತ್ತಿದ, ಉಜ್ಜಿದ, ಉಳಿದದ್ದನ್ನು ಕಲ್ಲಿನ ಸಂದಿಗೆ ತುರುಕಿ ಮೇಲೆ ಮಣ್ಣು ಎಳೆದ. ಅಷ್ಟರಲ್ಲಿ ಹುಲ್ಲಿನಲ್ಲಿ ಹೆಜ್ಜೆಯ ಸಪ್ಪಳವಾಯಿತು. ಅವನು ಅಂಗೈ ನೋಡಿಕೊಂಡ. ನೀಲಿ, ಹಸಿರು, ಕಪ್ಪು ಪುಡಿ ಗೆರೆಗೆರೆಯಲ್ಲೂ ಕೂತಿತ್ತು. ಧೋತರಕ್ಕೆ ಒರೆಸಿದರೆ ಬಿಳಿಯ ಧೋತರ. ಎರಡೂ ಕೈ ಮುಂದೆ ಮಾಡಿಕೊಂಡು, ಏನು ಮಾಡಲೂ ತೋಚದೆ, ಬೊಗಸೆ ಹಿಡಿದು ಕೂತ.

ಮಚ್ಚೇಂದ್ರ ಬಂದವನು ಆ ಬೊಗಸೆಯನ್ನು ನೋಡಿ ನಿಂತುಬಿಟ್ಟ. ಹಾಗೆ ಕೂತು ಮೇಲಿನಿಂದ ನೀರು ಹೊಯ್ಯಿಸಿಕೊಳ್ಳುವುದು ಅವನ ಅಪ್ಪನಿಗೆ, ಅಜ್ಜನಿಗೆ ಗೊತ್ತಿತ್ತು. ಹೊಲದ ಧಣಿಯ ಬಾವಿಯ ಬಳಿ ಸಣ್ಣವನಿದ್ದಾಗ ತಾನೂ ಹಾಗೇ ಕೂತಿದ್ದ. ತನ್ನ ಮುಂದೆ ಇಂಥವರೊಬ್ಬರು ಬೊಗಸೆ ಒಡ್ಡಿದ್ದನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ.

“ನಮ್ಮ ಡಬ್ಬೀದು ನಡೀತದೇನ್ರಿ?” ಎಂದ.

ನಾಗನಾಥ ಬೆರಳು ಇನ್ನಷ್ಟು ಬಿಗಿದು ಅಂಗೈ ಮುಚ್ಚಿಕೊಂಡ. ಕುಡಿಯುವುದಕ್ಕಲ್ಲ, ತೊಳೆಯುವುದಕ್ಕೆ ಎಂದರೆ ಏನು ತೊಳೆಯುವುದಕ್ಕೆ ಎನ್ನಬೇಕಾಗುತ್ತಿತ್ತು. “ಹಾಕು” ಎಂದ. ಮಚ್ಚೇಂದ್ರ ಕಣ್ಣು ತುಂಬಿಕೊಂಡಿದ್ದ, ಕೈಯ ಬಣ್ಣ ಅವನಿಗೆ ಕಾಣಲಿಲ್ಲ. ನೀರು ಬಿತ್ತು. ಬೊಗಸೆಯಲ್ಲಿ ನೀಲಿ ತೇಲುವುದರೊಳಗೆ ನಾಗನಾಥ ಬಾಯಿ ಇಟ್ಟು ಹೀರಿದ. ಇನ್ನೊಮ್ಮೆ ಹಾಕಿಸಿಕೊಂಡು ಹೀರಿದ. ಮೂರನೆಯ ಸಲಕ್ಕೆ ಕೈ ಸ್ವಚ್ಛವಾಯಿತು.

“ಏನರ ಬಂದಿತ್ತೇನ್ರಿ ಸರ?”

“ಇಲ್ಲಪಾ. ಏನೂ ಬರಲಿಲ್ಲ.”

ಕತ್ತಲಾಗುವ ತನಕ ಮಚ್ಚೇಂದ್ರ ಹುಡುಕಿದ. ಬರುವಾಗ ಬಸ್ಸಿನಲ್ಲಿ ಅವನು ದುಃಖದಲ್ಲಿದ್ದನೋ ಸಂತೋಷದಲ್ಲಿದ್ದನೋ ಹೇಳುವುದು ಕಷ್ಟವಿತ್ತು. ಸೀಟಿನಲ್ಲಿ ಜಾಗವಿದ್ದರೂ ಇಷ್ಟು ದಿನ ನಿಂತೇ ಬರುತ್ತಿದ್ದವನು, ಅಂದು ನಾಗನಾಥನ ಪಕ್ಕಕ್ಕೆ ಕೂತ.

ಸೋಮವಾರ ಕಮಿಟಿಯ ಐದು ಮಂದಿ ಹೆಡ್ ಮಾಸ್ತರರ ಕೋಣೆಯಲ್ಲಿ ಕೂತರು. ನಾಗನಾಥ ಮೂಲೆಯ ಸ್ಟೂಲಿನ ಮೇಲೆ ಹೇಳಿಕೆ ಬರೆದುಕೊಳ್ಳಲು ಕೂತಿದ್ದ. ಕಮಿಟಿಯಲ್ಲಿ ವಯಸ್ಸಾದ ಬಸವಣಪ್ಪ ಎಂಬವರೊಬ್ಬರಿದ್ದರು, ವ್ಯಾಪಾರಸ್ಥರು, ಸ್ವಲ್ಪ ನ್ಯಾಯದ ಮನುಷ್ಯ. ಅವರು ಕೇಳಿದರು, “ನೋಡಪಾ, ನಿನ್ನ ಮುಖ ನೋಡಿದ್ರ ಮೋಸಗಾರ ಅನಸಂಗಿಲ್ಲ. ಇದನ್ನ ನಿನಗ ಯಾರರ ತಂದು ಕೊಟ್ರೇನು? ಕೊಟ್ಟಿದ್ರ ಹೇಳು. ನಿನ್ನ ಮ್ಯಾಲಿನ ಮಾತು ಇಲ್ಲಿಗೇ ಬಿಡ್ತೀವಿ.”

ಮಹಾರುದ್ರಪ್ಪನವರು ಮೇಜಿನ ಮೇಲಿನ ಗಾಜಿನ ಗುಂಡನ್ನು ಆಚೆಯಿಂದ ಈಚೆಗೆ ಇಟ್ಟರು. ನಾಗನಾಥನ ಪೆನ್ನಿನಿಂದ ಒಂದು ಹನಿ ಮಸಿ ಹಾಳೆಯ ಮೇಲೆ ಬಿದ್ದು ಹರಡಿತು. ಹುಡುಗ ಹೇಳುತ್ತಾನೆ, ಹೇಳಲೇಬೇಕು, ಹೇಳಿದರೆ ತಾನು ಏನೆನ್ನಬೇಕು ಎಂದು ಅವನು ರಾತ್ರಿಯೇ ಯೋಚಿಸಿಟ್ಟಿದ್ದ: ನನಗೂ ಪಾತರಗಿತ್ತಿಗೂ ಏನ್ರಿ ಸಂಬಂಧ?

ಮಚ್ಚೇಂದ್ರ ಒಂದು ಸಲ ಮೂಲೆಯ ಕಡೆ ನೋಡಿದ.

“ಇಲ್ರಿ,” ಎಂದ. “ನಾನs ಹಿಡದದ್ದು.”

“ಬಣ್ಣ?”

“ಗೊತ್ತಿಲ್ರಿ.”

ಬಸವಣಪ್ಪನವರು ಉಸಿರು ಬಿಟ್ಟು ಹಿಂದಕ್ಕೆ ಒರಗಿದರು. ಉಳಿದ ನಾಲ್ವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹನ್ನೊಂದು ಗಂಟೆಗೆ ಮಚ್ಚೇಂದ್ರನ ನೌಕರಿ ಹೋಯಿತು. ಸುಳ್ಳು ಚೀಟಿ ಬರೆದು ಸಂಸ್ಥೆಯ ಹೆಸರು ಕೆಡಿಸಿದವನು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆಯಲಾಯಿತು. ಆ ಕಾಗದ ಇಟ್ಟುಕೊಂಡು ಬೀದರ ಜಿಲ್ಲೆಯಲ್ಲಿ ಇನ್ನಾವ ಸಾಲೆಯಲ್ಲೂ ಅವನು ಮಾಸ್ತರನಾಗುವಂತಿರಲಿಲ್ಲ.

ವರಾಂಡದಲ್ಲಿ ಅವನು ನಾಗನಾಥನಿಗಾಗಿ ನಿಂತಿದ್ದ. ಅಳುತ್ತಿರಲಿಲ್ಲ.

“ನಿಮ್ಮ ಹೆಸರು ಎತ್ತಲಿಲ್ರಿ ಸರ,” ಎಂದ ಮೆಲ್ಲಗೆ. “ಎತ್ತಿದ್ರ ನನಗ ಬಿಡ್ತಿದ್ರು, ಗೊತ್ತು. ಆದ್ರ ನಿಮ್ಮನ್ನ ಹಿಡೀತಿದ್ರು. ನಿನ್ನೆ ನೀವು ನನ್ನ ಕೈನೀರು ಕುಡದ್ರಿ. ಅದರ ಮ್ಯಾಲ ನಾ ಹ್ಯಾಂಗ ಎತ್ತಲಿ?”

ಇಲ್ಲಿ ನಾಗನಾಥನ ಕಣ್ಣು ಒದ್ದೆಯಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನ. ಆಗಲಿಲ್ಲ. ಅವನ ಮೈಯೆಲ್ಲ ಹಗುರಾಗಿ, ನಾಲ್ಕು ದಿನದಿಂದ ಸತ್ತಿದ್ದ ಹಸಿವು ಒಮ್ಮೆಲೆ ಕಾಣಿಸಿಕೊಂಡಿತು. ಅವನು ಹುಡುಗನ ಹೆಗಲು ತಟ್ಟಿದ.

“ಛಲೋ ಮಾಡಿದಿ,” ಎಂದ, ಮತ್ತು ಎಂಟನೆಯ ಇಯತ್ತೆಯ ಪಿರಿಯಡ್ಡಿಗೆ ಹೊತ್ತಾಯಿತೆಂದು ಹೊರಟುಹೋದ.